ಜಿಂಕೆ ಬೇಕಾದಷ್ಟಿವೆ, ಬೇಟೆ ಮಾತ್ರ ಕಮ್ಮಿ: ಅಮೆರಿಕದ ಮೆಕ್ಕೆಜೋಳದ ಸೀಮೆಯ ಒಗಟು

ಪ್ರತಿ ವರ್ಷ ನವೆಂಬರ್ ಕೊನೆಗೆ ಅಮೆರಿಕದ ನಡುಭಾಗದ ರಾಜ್ಯಗಳಿಂದ ಒಂದು ಸುದ್ದಿ ಬರುತ್ತದೆ. ಈ ಸಲ ಜಿಂಕೆ ಬೇಟೆ ಇಷ್ಟು ಶೇಕಡಾ ಇಳಿಯಿತು, ಅಥವಾ ಏರಿತು ಅಂತ. ಅದೇ ಹೊತ್ತಿಗೆ ಅದೇ ಊರುಗಳ ರೈತರು, ಜಿಂಕೆಗಳು ಸೋಯಾ ಮೇಯ್ದು ಹೊಲ ಬೋಳು ಮಾಡಿದವು ಎಂದು ಗೋಳಾಡುವ ವರದಿಯೂ ಇರುತ್ತದೆ. ದೂರದಿಂದ ಓದುವವರಿಗೆ ಇದು ಗೊಂದಲವೇ. ಜಿಂಕೆ ಅಷ್ಟೊಂದಿದ್ದರೆ ಬೇಟೆಗಾರರ ಕೈಗೆ ಯಾಕೆ ಸಿಗುತ್ತಿಲ್ಲ? ಸಿಗುತ್ತಿಲ್ಲ ಅಂದರೆ ಸಂಖ್ಯೆ ಕುಸಿದಿದೆ ಅಂತ ತಾನೇ?

ಹಾಗೆ ಹೇಳೋಕಾಗಲ್ಲ. ಹೊಲದ ಸೀಮೆಯಲ್ಲಿ ಬೇಟೆಯ ಲೆಕ್ಕವೇ ಬೇರೆ, ಜಿಂಕೆಯ ಲೆಕ್ಕವೇ ಬೇರೆ. ಒಂದು ಸೀಸನ್ ಚೆನ್ನಾಗಿ ನಡೆಯಿತೋ ಕೆಟ್ಟಿತೋ ಅನ್ನುವುದನ್ನು ಬಹಳ ಸಲ ತೀರ್ಮಾನಿಸುವುದು ಏಪ್ರಿಲ್‌ನ ಮಳೆ, ಕ್ಯಾಲೆಂಡರ್, ಕಟಾವು ಮತ್ತು ಜಮೀನಿನ ಬೇಲಿ. ಆ ಸೀಸನ್ ಕೆಟ್ಟರೆ ಅದರ ಬೆಲೆ ತೆರುವವನು ಮುಂದಿನ ವರ್ಷದ ರೈತ. ವಿಸ್ಕಾನ್ಸಿನ್ ರಾಜ್ಯವನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೊಂದು ಜಿಂಕೆ ಬಂದಿದ್ದು ಎಲ್ಲಿಂದ?

ವಿಸ್ಕಾನ್ಸಿನ್ ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಜನ ಮಾತ್ರ 60 ಲಕ್ಷದ ಒಳಗೆ. ಅಲ್ಲಿರುವುದು ಬಿಳಿಬಾಲದ ಜಿಂಕೆ. ಓಡುವಾಗ ಬಾಲ ಎತ್ತುತ್ತದೆ, ಅಡಿಯ ಬಿಳಿ ಭಾಗ ದೂರಕ್ಕೂ ಕಾಣುತ್ತದೆ. ರಾಜ್ಯದಲ್ಲಿ ಇವು 15 ಲಕ್ಷ ದಾಟಿವೆ ಎಂಬುದು ಸರ್ಕಾರದ ಅಂದಾಜು.

1900ರ ಆಸುಪಾಸಿನಲ್ಲಿ ಕತೆ ತಿರುವುಮುರುವಾಗಿತ್ತು. ಮಾಂಸದ ವ್ಯಾಪಾರಕ್ಕಾಗಿ ಹೊಡೆದೂ ಹೊಡೆದೂ ಇಡೀ ಅಮೆರಿಕದಲ್ಲಿ ಉಳಿದದ್ದು ಕೆಲವೇ ಲಕ್ಷ. ಆಮೇಲೆ ಕಾನೂನು ಬಂತು. ಕಾಡುಪ್ರಾಣಿಯ ಮಾಂಸ ಮಾರುವುದು ನಿಂತಿತು. ಬೇಟೆಗೆ ಲೈಸೆನ್ಸ್, ಸೀಸನ್, ಮಿತಿ ಬಂದವು. 1937ರಲ್ಲಿ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೇ ಮೀಸಲಿಡುವ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಇತ್ತ ತೋಳ, ಪ್ಯೂಮಾಗಳನ್ನು ಹೊಲದ ಸೀಮೆಯಿಂದ ಜನ ಮೊದಲೇ ಅಳಿಸಿಹಾಕಿದ್ದರು. ಕಾಡು ಒಡೆದು ಹೊಲ, ತೋಪು, ಹಳ್ಳದ ಪೊದೆ ಅಂತ ತುಂಡುತುಂಡಾಯಿತು. ಬಿಳಿಬಾಲದ ಜಿಂಕೆಗೆ ಬೇಕಾದದ್ದು ಅಂಥದೇ ಜಾಗ. ಹಗಲು ಮಲಗಲು ಮರೆ, ಪಕ್ಕದಲ್ಲೇ ಮೆಕ್ಕೆಜೋಳ ಮತ್ತು ಸೋಯಾ. ಈಗ ದೇಶದಲ್ಲಿ ಸುಮಾರು 3 ಕೋಟಿ ಜಿಂಕೆ ಇವೆ ಎನ್ನುತ್ತಾರೆ.

ಮೇವು ಚೆನ್ನಾಗಿದ್ದರೆ ಬೆಳೆದ ಹೆಣ್ಣು ಸಾಮಾನ್ಯವಾಗಿ ಎರಡು ಮರಿ ಹಾಕುತ್ತದೆ. ಹೊಲದ ಸೀಮೆಯಲ್ಲಿ ಅದೇ ವರ್ಷ ಹುಟ್ಟಿದ ಹೆಣ್ಣು ಮರಿಗಳಲ್ಲೂ ಒಂದು ಪಾಲು ಚಳಿಗಾಲಕ್ಕೆ ಮುಂಚೆ ಗಬ್ಬವಾಗುತ್ತವೆ. ಹಿಡಿಯುವ ಪ್ರಾಣಿ ಇಲ್ಲ, ಮೇವಿಗೆ ಬರವಿಲ್ಲ. ಹಾಗಾಗಿ ಸಂಖ್ಯೆಗೆ ಕಡಿವಾಣ ಹಾಕುವ ಕೆಲಸ ಪೂರ್ತಿ ಬಂದೂಕಿನ ಮೇಲೆ ಬಿದ್ದಿದೆ. ಆ ಬಂದೂಕು ಹಿಡಿದವರು ಸಂಬಳಕ್ಕಿರುವ ನೌಕರರಲ್ಲ. ರಜೆ ಹಾಕಿ, ಲೈಸೆನ್ಸ್‌ಗೆ ದುಡ್ಡು ಕೊಟ್ಟು ಬರುವ ಸಾಮಾನ್ಯ ಜನ. ವ್ಯವಸ್ಥೆಯ ಬಲ ಇರುವುದು ಇವರಲ್ಲಿ, ದುರ್ಬಲ ಜಾಗವೂ ಇದೇ.

ಒಂಬತ್ತು ದಿನದ ಜೂಜು

ವಿಸ್ಕಾನ್ಸಿನ್‌ನಲ್ಲಿ ಬಿಲ್ಲಿನ ಬೇಟೆ ಸೆಪ್ಟೆಂಬರ್‌ನಿಂದಲೇ ಇರುತ್ತದೆ. ಆದರೆ ದೊಡ್ಡ ಲೆಕ್ಕ ಬರುವುದು ಬಂದೂಕಿನ ಒಂಬತ್ತು ದಿನಗಳಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಅದು ಶುರು. ಹಬ್ಬ ನವೆಂಬರ್‌ನ ನಾಲ್ಕನೇ ಗುರುವಾರ ಬರುವುದರಿಂದ ಬೇಟೆಯ ಮೊದಲ ದಿನ ನವೆಂಬರ್ 17ರಿಂದ 23ರ ನಡುವೆ ಓಲಾಡುತ್ತದೆ.

ಆರು ದಿನದ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ಜಿಂಕೆಗೆ ಅದು ದೊಡ್ಡದೇ. ಬೆದೆಯ ಕಾಲ ಜೋರಾಗಿರುವುದು ನವೆಂಬರ್‌ನ ಮೊದಲ ಎರಡು ವಾರ. ಆಗ ಗಂಡುಗಳು ಹೆಣ್ಣಿನ ಹಿಂದೆ ಹಗಲು ಹೊತ್ತಿನಲ್ಲೂ ಬಯಲಲ್ಲಿ ಓಡಾಡುತ್ತವೆ, ಎಚ್ಚರ ಮರೆಯುತ್ತವೆ. ನವೆಂಬರ್ 23ರ ಹೊತ್ತಿಗೆ ಆ ಗದ್ದಲ ಬಹುಪಾಲು ತಣ್ಣಗಾಗಿರುತ್ತದೆ. ದಣಿದ ಗಂಡುಗಳು ಪೊದೆ ಸೇರಿ, ಕತ್ತಲಾದ ಮೇಲೆ ಮೇಯಲು ಹೊರಡುತ್ತವೆ. ಕತ್ತಲಲ್ಲಿ ಗುಂಡು ಹಾರಿಸುವಂತಿಲ್ಲ.

ಇನ್ನೊಂದು ಮಾತು. ಒಂಬತ್ತು ದಿನದ ಬೇಟೆಯಲ್ಲಿ ಅರ್ಧದಷ್ಟು, ಕೆಲವು ವರ್ಷ ಇನ್ನೂ ಜಾಸ್ತಿ, ಮೊದಲ ಶನಿವಾರ-ಭಾನುವಾರವೇ ಮುಗಿಯುತ್ತದೆ. ಆ ಎರಡು ದಿನ ಗಾಳಿ, ಮಳೆ, ಮಂಜು ಬಿದ್ದರೆ ಉಳಿದ ಏಳು ದಿನದಲ್ಲಿ ಅದನ್ನು ತುಂಬಿಕೊಳ್ಳುವುದು ಕಷ್ಟ. ಸೋಮವಾರ ಜನ ಕೆಲಸಕ್ಕೆ ಹೋಗಲೇಬೇಕಲ್ವಾ.

ಹೊಲದಲ್ಲಿ ನಿಂತ ಮೆಕ್ಕೆಜೋಳ

ಈಗ ಮುಖ್ಯ ವಿಷಯಕ್ಕೆ ಬರೋಣ. ದಾವಣಗೆರೆ, ಹಾವೇರಿ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳೆತ್ತರ ಮೀರಿ ಬೆಳೆದ ಮೆಕ್ಕೆಜೋಳದೊಳಗೆ ಹಂದಿ ಹೊಕ್ಕರೆ ಪಕ್ಕದ ಬದುವಿನಲ್ಲಿ ನಿಂತವರಿಗೂ ಕಾಣುವುದಿಲ್ಲ. ವಿಸ್ಕಾನ್ಸಿನ್, ಅಯೋವಾಗಳಲ್ಲಿ ಅಂಥ ಹೊಲ ಮೈಲುಗಟ್ಟಲೆ. ಸಾಲಿನಿಂದ ಸಾಲಿಗೆ ಮುಕ್ಕಾಲು ಮೀಟರ್ ಅಂತರ, ಮೇಲೆ ಎರಡೂವರೆ ಮೀಟರ್ ಎತ್ತರದ ಒಣ ದಂಟು. ಅದರೊಳಗೆ ಜಿಂಕೆಗೆ ಊಟ ಇದೆ, ಮರೆ ಇದೆ, ಗಾಳಿಯಿಂದ ರಕ್ಷಣೆ ಇದೆ. ಹೊರಗೆ ಬರುವ ಅಗತ್ಯವೇ ಇಲ್ಲ. ಯಾರಾದರೂ ಒಳಗೆ ಕಾಲಿಟ್ಟರೆ ಒಣಗರಿ ಸರಸರ ಅನ್ನುತ್ತದೆ, ಜಿಂಕೆ ನಾಲ್ಕು ಸಾಲು ಆಚೆ ದಾಟಿ ಸುಮ್ಮನೆ ನಿಲ್ಲುತ್ತದೆ. ಹೊಲದಂಚಿನ ಮರದ ಮೇಲೆ ಅಟ್ಟಣೆ ಕಟ್ಟಿ ಕೂತವರಿಗೆ ಕಾಣುವುದು ದಂಟಿನ ತುದಿ ಮಾತ್ರ. ಸೋವಿ ಎಬ್ಬಿಸೋಣ ಅಂದರೆ, ಮುಂದೆ ಏನಿದೆ ಅಂತ ಕಾಣದ ಕಡೆ ಗುಂಡು ಹಾರಿಸುವುದು ಜೀವಕ್ಕೇ ಅಪಾಯ.

ಸಾಧಾರಣ ವರ್ಷದಲ್ಲಿ ನವೆಂಬರ್ ನಡುವಿಗೆ ಕಟಾವು ಬಹುಪಾಲು ಮುಗಿದಿರುತ್ತದೆ. ಹೊಲ ಬಯಲಾಗುತ್ತದೆ, ಜಿಂಕೆ ತೋಪುಗಳಿಗೆ ಸರಿಯುತ್ತದೆ. ತೋಪು ಎಲ್ಲಿದೆ ಅಂತ ಬೇಟೆಗಾರರಿಗೆ ಗೊತ್ತು.

2019 ಹಾಗಿರಲಿಲ್ಲ. ಆ ವಸಂತದಲ್ಲಿ ಅಮೆರಿಕದ ನಡುನಾಡಿನ ಮೇಲೆ ಬಿಡದೆ ಮಳೆ ಸುರಿಯಿತು. ದೇಶದಲ್ಲಿ 1.9 ಕೋಟಿ ಎಕರೆಗೂ ಜಾಸ್ತಿ ಜಮೀನಿಗೆ ಆ ವರ್ಷ ಬಿತ್ತನೆಯೇ ಆಗಲಿಲ್ಲ. ಬಿತ್ತಿದವರದ್ದೂ ತಡ. ತಡವಾಗಿ ಬಿತ್ತಿದ್ದು ತಡವಾಗಿ ಬಲಿಯಿತು, ಒಣಗುವ ಹೊತ್ತಿಗೆ ಚಳಿ ಬಂದಿತ್ತು. ಕಣಜದಲ್ಲಿಡಲು ಕಾಳಿನ ತೇವ ಶೇ. 15ರ ಆಸುಪಾಸಿಗೆ ಇಳಿಯಬೇಕು. ನಮ್ಮಲ್ಲಿ ಕಣದಲ್ಲೋ ರಸ್ತೆ ಮೇಲೋ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ಅಲ್ಲಿ ನವೆಂಬರ್‌ನಲ್ಲಿ ಅಂಥ ಬಿಸಿಲು ಎಲ್ಲಿ? ಪ್ರೊಪೇನ್ ಅನಿಲ ಉರಿಸಿ ಒಣಗಿಸಬೇಕು. ಎಲ್ಲರಿಗೂ ಒಟ್ಟಿಗೇ ಬೇಕಾಗಿದ್ದರಿಂದ ಪ್ರೊಪೇನ್‌ಗೆ ಹಾಹಾಕಾರ ಎದ್ದಿತು. ಟ್ಯಾಂಕರ್ ಚಾಲಕರ ಕೆಲಸದ ಗಂಟೆಗಳ ನಿಯಮವನ್ನು ಹಲವು ರಾಜ್ಯಗಳು ಸಡಿಲಿಸಬೇಕಾಯಿತು. ಅನಿಲ ಸಿಗದವರು ಪೈರನ್ನು ಹೊಲದಲ್ಲೇ ಬಿಟ್ಟರು. ನಾರ್ತ್ ಡಕೋಟಾದಲ್ಲಿ ದೊಡ್ಡ ಪಾಲು ಹಿಮದಡಿ ನಿಂತು, ಕಟಾವಾಗಿದ್ದು 2020ರ ವಸಂತಕ್ಕೆ.

ಅದೇ ವರ್ಷ ವಿಸ್ಕಾನ್ಸಿನ್‌ನ ಬಂದೂಕು ಸೀಸನ್ ಶುರುವಾಗಿದ್ದು ನವೆಂಬರ್ 23ಕ್ಕೆ, ಅಂದರೆ ಸಾಧ್ಯವಿರುವ ಕಡೆಯ ತಾರೀಖಿಗೆ. ಬೆದೆ ಮುಗಿದಿತ್ತು, ಪೈರು ನಿಂತಿತ್ತು. 2018ರಲ್ಲಿ ಸುಮಾರು 2.1 ಲಕ್ಷ ಇದ್ದ ಒಂಬತ್ತು ದಿನದ ಬೇಟೆ 1.6 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಲ್ಕನೇ ಒಂದು ಭಾಗ ಹೋಯಿತು. ಜಿಂಕೆಗಳೇನೂ ಆ ಲೆಕ್ಕದಲ್ಲಿ ಸತ್ತಿರಲಿಲ್ಲ.

2024ರ ಜೊತೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟ. ಆ ವರ್ಷವೂ ಸೀಸನ್ ಶುರುವಾಗಿದ್ದು ನವೆಂಬರ್ 23ಕ್ಕೇ. ಆದರೆ ಶರತ್ಕಾಲ ಒಣಗಿತ್ತು, ಕಟಾವು ಬೇಗ ಮುಗಿದಿತ್ತು. ಬೇಟೆ 1.8 ಲಕ್ಷ ದಾಟಿತು, ಹಿಂದಿನ ವರ್ಷಕ್ಕಿಂತಲೂ ಹೆಚ್ಚು. ಎರಡು ವರ್ಷಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದವು, ಎಲ್ಲವನ್ನೂ ಕಟಾವಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಒಂದೇ ತಾರೀಖಿನ ಎರಡು ಸೀಸನ್ ಇಷ್ಟು ಬೇರೆಯಾಗಿದ್ದನ್ನು ನೋಡಿದ ಮೇಲೆ, ಬರೀ ಶೇಕಡಾವಾರು ಇಳಿಕೆ ಕೇಳಿ 'ಜಿಂಕೆ ಮುಗಿದವು' ಎಂದು ಗಾಬರಿಯಾಗಬಾರದು.

ಗಂಡೋ ಹೆಣ್ಣೋ: ಹಳೆಯ ಜಗಳ

ಎಷ್ಟು ಹೊಡೆದರು ಅನ್ನುವುದಕ್ಕಿಂತ ಯಾವುದನ್ನು ಹೊಡೆದರು ಅನ್ನುವುದು ರೈತನಿಗೆ ಮುಖ್ಯ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಹತ್ತು ಗಂಡು ಕಡಿಮೆಯಾದರೂ ಮುಂದಿನ ವರ್ಷದ ಮರಿಗಳ ಲೆಕ್ಕ ಅಲುಗುವುದಿಲ್ಲ. ಹತ್ತು ಹೆಣ್ಣು ಕಡಿಮೆಯಾದರೆ ಇಪ್ಪತ್ತರ ಹತ್ತಿರ ಮರಿ ಕಡಿಮೆ. ಆದರೆ ಬೇಟೆಗಾರರ ಕಣ್ಣು ಕೊಂಬಿನ ಮೇಲೆ. ದೊಡ್ಡ ಕೊಂಬಿನ ಗಂಡು ಗೋಡೆ ಮೇಲೆ ಹತ್ತುತ್ತದೆ, ಹೆಣ್ಣು ಫ್ರೀಜರ್‌ಗೆ ಹೋಗುತ್ತದೆ.

ಇದನ್ನು ಸರಿಮಾಡಲು ವಿಸ್ಕಾನ್ಸಿನ್ ಒಂದು ಖಡಕ್ ನಿಯಮ ತಂದಿತ್ತು. ಮೊದಲು ಕೊಂಬಿಲ್ಲದ ಜಿಂಕೆಯೊಂದನ್ನು ಹೊಡೆದು ತೋರಿಸಿ, ಆಮೇಲಷ್ಟೇ ಗಂಡು ಹೊಡೆಯಲು ಅನುಮತಿ. 1996ರಲ್ಲಿ ಕೆಲವು ಕಡೆ ಶುರುವಾದ ಈ ನಿಯಮ ಸಂಖ್ಯೆ ಇಳಿಸುವುದರಲ್ಲಿ ಕೆಲಸ ಮಾಡಿತು. ಜನರಿಗೆ ಮಾತ್ರ ಕಂಡರಾಗದು. ಜೀವಮಾನಕ್ಕೊಮ್ಮೆ ಕಾಣುವಂಥ ಗಂಡು ಕಣ್ಣೆದುರು ಬಂದು ನಿಂತಿದ್ದರೂ ಬಂದೂಕು ಕೆಳಗಿಡಬೇಕು ಅಂದರೆ ಯಾರಿಗೆ ಸಹಿಸೋಕಾಗುತ್ತೆ? ವಿರೋಧ ಎಷ್ಟಿತ್ತೆಂದರೆ 2011ರಲ್ಲಿ ಶಾಸನಸಭೆ ಕಾನೂನು ಮಾಡಿಯೇ ಅದನ್ನು ನಿಷೇಧಿಸಿತು. ವನ್ಯಜೀವಿ ಇಲಾಖೆಯ ಕೈಯಲ್ಲಿದ್ದ ಅತಿ ಹರಿತವಾದ ಸಾಧನ ಅಲ್ಲಿಗೆ ಹೋಯಿತು. ಈಗ ಉಳಿದಿರುವುದು ಒಲಿಸುವ ದಾರಿ. ಹೊಲದ ಸೀಮೆಯ ಹಲವು ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಒಂದು ಲೈಸೆನ್ಸ್ ಜೊತೆ ಕೊಂಬಿಲ್ಲದ ಜಿಂಕೆಗೆ ಒಂದಕ್ಕಿಂತ ಹೆಚ್ಚು ಪರವಾನಗಿ ಸಿಗುತ್ತದೆ. ಅದನ್ನು ಬಳಸುವುದು ಬಿಡುವುದು ಬೇಟೆಗಾರರ ಇಷ್ಟ.

ಬಳಸದಿರಲು ಕಾರಣಗಳಿವೆ. ಒಂದು ಜಿಂಕೆಯಿಂದ ಸುಮಾರು 20 ಕಿಲೋ ಮಾಂಸ ಸಿಗುತ್ತದೆ. ಒಂದೆರಡು ಹೊಡೆದರೆ ಒಂದು ಮನೆಗೆ ವರ್ಷಕ್ಕಾಯಿತು. ಮಾರುವಂತಿಲ್ಲ, ಕಾನೂನು ಬಿಡುವುದಿಲ್ಲ. ಕಡಿದು ಪ್ಯಾಕ್ ಮಾಡಿಸಲು ಮಾಂಸದಂಗಡಿಗೆ ದುಡ್ಡು ಕೊಡಬೇಕು, ಸೀಸನ್‌ನಲ್ಲಿ ಅಲ್ಲೂ ಸರದಿ. ಮೂರನೆಯ ಜಿಂಕೆ ಯಾರಿಗೆ ಬೇಕು? ಈ ಗಂಟು ಬಿಡಿಸಲೆಂದೇ ವಿಸ್ಕಾನ್ಸಿನ್ 2000ದಲ್ಲಿ ಜಿಂಕೆ ದಾನದ ಯೋಜನೆ ಶುರುಮಾಡಿತು. ಹೊಡೆದ ಜಿಂಕೆಯನ್ನು ತಂದುಕೊಟ್ಟರೆ ಸಾಕು, ಕಡಿಯುವ ಖರ್ಚು ಯೋಜನೆಯದ್ದು, ಮಾಂಸ ಬಡವರ ಅನ್ನಛತ್ರಗಳಿಗೆ. ಅಯೋವಾದಲ್ಲೂ ಇಂಥದೇ ವ್ಯವಸ್ಥೆ ಇದೆ. ಒಳ್ಳೆಯ ಕೆಲಸ ಇದು, ಇನ್ನೂ ದೊಡ್ಡದಾಗಿ ನಡೆಯಬೇಕಾದ ಕೆಲಸ.

ಬೇಲಿಯಾಚೆ ಯಾರ ಜಮೀನು?

ಕಾನೂನಿನ ಪ್ರಕಾರ ಜಿಂಕೆ ಜನರೆಲ್ಲರ ಸ್ವತ್ತು, ರಾಜ್ಯ ಅದರ ಕಾವಲುಗಾರ. ಜಮೀನು ಮಾತ್ರ ಖಾಸಗಿ. ಅಯೋವಾದ ಶೇ. 97ಕ್ಕೂ ಜಾಸ್ತಿ ನೆಲ ಖಾಸಗಿಯವರದ್ದು. ಹಾಗಾಗಿ ಲೈಸೆನ್ಸ್ ಕೈಯಲ್ಲಿದ್ದರೂ ಯಾರದ್ದಾದರೂ ಬೇಲಿ ದಾಟಲು ಒಪ್ಪಿಗೆ ಬೇಕು.

ಹಿಂದೆ ಪೇಟೆಯಲ್ಲಿರುವ ಅಣ್ಣತಮ್ಮಂದಿರು, ಸೋದರಳಿಯಂದಿರು ಹಬ್ಬಕ್ಕೆ ಹಳ್ಳಿಯ ಹೊಲದ ಮನೆಗೆ ಬಂದು ಬೇಟೆಯಾಡಿ ಹೋಗುತ್ತಿದ್ದರು. ಸಣ್ಣ ಹಿಡುವಳಿಗಳು ಮಾರಾಟವಾಗಿ ದೊಡ್ಡವರ ಕೈ ಸೇರುತ್ತಿದ್ದಂತೆ ಆ ನೆಂಟಸ್ತಿಕೆಯ ಬಾಗಿಲೂ ಮುಚ್ಚುತ್ತಿದೆ. ಕೆಲವರು ಬೇಟೆಗೆಂದೇ ಜಮೀನು ಕೊಂಡು, ದೊಡ್ಡ ಕೊಂಬಿನ ಗಂಡು ಬೆಳೆಯಲಿ ಎಂದು ಯಾರನ್ನೂ ಒಳಗೆ ಬಿಡುವುದಿಲ್ಲ. ಇನ್ನು ಕೆಲವರು ಹಣವಂತರ ಗುಂಪಿಗೆ ಬೇಟೆಯ ಹಕ್ಕನ್ನು ಗುತ್ತಿಗೆ ಕೊಡುತ್ತಾರೆ. ಅಂಥ ಜಮೀನು ಜಿಂಕೆಗೆ ಅಭಯಾರಣ್ಯವಿದ್ದಂತೆ. ಹಗಲು ಅಲ್ಲಿ ಮಲಗಿ, ರಾತ್ರಿ ಪಕ್ಕದವನ ಸೋಯಾ ಮೇಯುತ್ತವೆ. ನಷ್ಟ ಅನುಭವಿಸುವ ರೈತ ತನ್ನ ಹೊಲದಲ್ಲಿ ಎಷ್ಟು ಜನರಿಗೆ ಅವಕಾಶ ಕೊಟ್ಟರೂ ಪಕ್ಕದ ತೋಪಿನೊಳಗೆ ಯಾರೂ ಹೋಗುವಂತಿಲ್ಲ.

ಬೇಟೆಗಾರರೂ ಕಡಿಮೆಯಾಗುತ್ತಿದ್ದಾರೆ. 2000ದಲ್ಲಿ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಲೈಸೆನ್ಸ್ 7 ಲಕ್ಷದ ಹತ್ತಿರವಿತ್ತು. ಈಗ ಐದೂವರೆ ಲಕ್ಷದ ಆಸುಪಾಸು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ದೊಡ್ಡ ತಲೆಮಾರು ವಯಸ್ಸಾಗಿ ಹಿಂದೆ ಸರಿಯುತ್ತಿದೆ, ಅಷ್ಟೇ ಸಂಖ್ಯೆಯ ಹುಡುಗರು ಬರುತ್ತಿಲ್ಲ. ಲೈಸೆನ್ಸ್ ದುಡ್ಡು ಮತ್ತು ಬಂದೂಕಿನ ತೆರಿಗೆಯಿಂದಲೇ ವನ್ಯಜೀವಿ ಇಲಾಖೆ ಬಹುಪಾಲು ನಡೆಯುವುದು. ಅಂದರೆ ಬೇಟೆಗಾರ ಕಡಿಮೆಯಾದರೆ ಜಿಂಕೆ ಹೊಡೆಯುವ ಕೈಯೂ ಕಡಿಮೆ, ಎಣಿಸಿ ಕಾಯುವ ದುಡ್ಡೂ ಕಡಿಮೆ.

ಕಾಯಿಲೆಯ ಭಯ

ಇದರ ಮೇಲೆ ಎರಡು ಕಾಯಿಲೆ. ಎರಡನ್ನೂ ಸುದ್ದಿಗಳಲ್ಲಿ ಕಲಸಿ ಹೇಳುವುದರಿಂದ ಗೊಂದಲ ಇನ್ನೂ ಜಾಸ್ತಿ.

ಮೊದಲನೆಯದು ಇಎಚ್‌ಡಿ, ಅಂದರೆ ಎಪಿಜೂಟಿಕ್ ಹೆಮರಾಜಿಕ್ ಡಿಸೀಸ್, ಒಂದು ವೈರಸ್ ಕಾಯಿಲೆ. ಬೇಸಿಗೆ ಕೊನೆಯಲ್ಲಿ ಕೆಸರಿನಲ್ಲಿ ಹುಟ್ಟುವ ಸಣ್ಣ ನೊಣ ಕಚ್ಚಿ ಹರಡುತ್ತದೆ. ಬರದ ವರ್ಷ ಕೆರೆ ಬತ್ತಿ ಅಂಚಿನ ಕೆಸರು ಹೆಚ್ಚಿದಾಗ ಜೋರು. ಜ್ವರ ಬಂದ ಜಿಂಕೆ ನೀರು ಹುಡುಕಿ ಹೋಗಿ ಹಳ್ಳದ ಬದಿಯಲ್ಲೇ ಸಾಯುತ್ತದೆ. ಚಳಿಯ ಮೊದಲ ಇಬ್ಬನಿ ಹೆಪ್ಪುಗಟ್ಟಿ ನೊಣ ಸತ್ತರೆ ಕಾಯಿಲೆ ನಿಲ್ಲುತ್ತದೆ. ಮನುಷ್ಯರಿಗೆ ಬರುವುದಿಲ್ಲ. 2012ರ ಬರದಲ್ಲಿ ನಡುನಾಡಿನ ಹಲವು ರಾಜ್ಯಗಳಲ್ಲಿ ಇದು ಜಿಂಕೆಗಳನ್ನು ಕೊಂದಿತು. 2025ರಲ್ಲಿ ಒಹಾಯೋದ ಆಗ್ನೇಯ ಭಾಗದಲ್ಲಿ ಎಷ್ಟು ಜೋರಾಗಿ ಬಂತೆಂದರೆ ಕೆಲವು ಕೌಂಟಿಗಳಲ್ಲಿ ಬೇಟೆಯ ಮಿತಿಯನ್ನೇ ಇಳಿಸಬೇಕಾಯಿತು. ಹೀಗೆ ಒಂದು ತಾಲ್ಲೂಕಿನಷ್ಟು ಜಾಗದಲ್ಲಿ ನಿಜವಾಗಿಯೂ ಜಿಂಕೆ ಕುಸಿದಿರುತ್ತದೆ, ನೂರು ಕಿಲೋಮೀಟರ್ ಆಚೆ ತುಂಬಿ ತುಳುಕುತ್ತಿರುತ್ತದೆ.

ಎರಡನೆಯದು ಸಿಡಬ್ಲ್ಯುಡಿ, ಅಂದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆ ಸೊರಗಿ ಸಾಯುವ ಕಾಯಿಲೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಮಿದುಳನ್ನು ತಿನ್ನುತ್ತದೆ. ಇದಕ್ಕೆ ಮದ್ದಿಲ್ಲ, ಲಸಿಕೆಯಿಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡಿತು. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದಾಗ, ಆ ಭಾಗದ ಜಿಂಕೆಗಳನ್ನೆಲ್ಲ ತೆಗೆದುಹಾಕಿ ರೋಗ ಅಳಿಸಲು ಸರ್ಕಾರ ಹೊರಟು ಸೋತಿತು. ಜನ ಜೊತೆಗೆ ಬರಲಿಲ್ಲ. ಇವತ್ತು ರಾಜ್ಯದ ನೈಋತ್ಯದ ಕೆಲವು ಕಡೆ ಬೆಳೆದ ಗಂಡುಗಳಲ್ಲಿ ಮೂರಕ್ಕೆ ಒಂದಕ್ಕಿಂತ ಹೆಚ್ಚಿಗೆ ಇದು ಇದೆ. ಮನುಷ್ಯರಿಗೆ ಹರಡಿದ ಖಚಿತ ಪ್ರಕರಣ ಇಲ್ಲ. ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದೇ ಆರೋಗ್ಯ ಅಧಿಕಾರಿಗಳ ಸಲಹೆ. ಹೊಡೆದ ಜಿಂಕೆಯ ಕತ್ತಿನ ಗ್ರಂಥಿಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವ ತನಕ ಮಾಂಸ ಮುಟ್ಟದೆ ಕಾಯಬೇಕು. ಮಕ್ಕಳಿಗೆ ಉಣಿಸುವ ತಾಯಿಗೆ ಆ ಕಾಯುವಿಕೆ ಸಣ್ಣದಲ್ಲ. ಕೆಲವರು ಬೇಟೆ ಬಿಡಲು ಇದೂ ಒಂದು ಕಾರಣ. ಬೇಟೆ ಬಿಟ್ಟಷ್ಟೂ ಜಿಂಕೆ ದಟ್ಟವಾಗುತ್ತವೆ, ರೋಗ ಹರಡಲು ಇನ್ನಷ್ಟು ಅನುಕೂಲ.

ಯಾರು ಏನು ಹೇಳುತ್ತಾರೆ?

ರೈತರ ವಾದ ನೇರ: ಜಿಂಕೆ ಎಲ್ಲರ ಸ್ವತ್ತಾದರೆ ಅದಕ್ಕೆ ಮೇವು ಹಾಕುವವನು ನಾನೊಬ್ಬನೇ ಯಾಕೆ? ಬೆಳೆ ನಷ್ಟಕ್ಕೆ ಪರಿಹಾರ ಯೋಜನೆ ಇದೆ. ಅದಕ್ಕೂ ದುಡ್ಡು ಬರುವುದು ಬೇಟೆಗಾರರ ಲೈಸೆನ್ಸ್‌ನಿಂದ. ಪರಿಹಾರ ಪಡೆದವರು ತಮ್ಮ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಡಬೇಕೆಂಬ ಷರತ್ತೂ ಇದೆ. ಆದರೆ ಪರಿಹಾರಕ್ಕೆ ಮಿತಿಯಿದೆ. ದೊಡ್ಡ ನಷ್ಟವಾದವರಿಗೆ ಅದು ಸಾಲದು.

ಬೇಟೆಗಾರರಲ್ಲೇ ಎರಡು ದನಿ. ದಕ್ಷಿಣದ ಹೊಲದ ಸೀಮೆಯವರಿಗೆ ಜಿಂಕೆ ಇದೆ, ಜಾಗ ಸಿಗುವುದಿಲ್ಲ. ಉತ್ತರದ ಕಾಡಿನವರಿಗೆ ಜಾಗ ಇದೆ, ಜಿಂಕೆ ಕಾಣುವುದಿಲ್ಲ. ಅವರು ತೋಳವನ್ನೂ ಇಲಾಖೆಯನ್ನೂ ದೂರುತ್ತಾರೆ, ಹೆಣ್ಣು ಹೊಡೆಯುವುದನ್ನು ಕೆಲವು ವರ್ಷ ನಿಲ್ಲಿಸಿ ಎನ್ನುತ್ತಾರೆ. ಒಂದೇ ರಾಜ್ಯ, ಒಂದೇ ಸುದ್ದಿ, ತದ್ವಿರುದ್ಧ ಬೇಡಿಕೆ.

ಈ ಎಳೆದಾಟ ಊರಮಟ್ಟದಲ್ಲೇ ಬಗೆಹರಿಯಲಿ ಎಂದು 2014ರಿಂದ ಪ್ರತಿ ಕೌಂಟಿಗೂ ಒಂದು ಜಿಂಕೆ ಸಲಹಾ ಸಮಿತಿ ಇದೆ. ಕೃಷಿ, ಅರಣ್ಯ, ಪ್ರವಾಸ, ಸಾರಿಗೆ, ಬೇಟೆ, ಹೀಗೆ ಬೇರೆಬೇರೆ ಪಾಲುದಾರರು ಅದರಲ್ಲಿ ಕೂರುತ್ತಾರೆ. ಸಾರಿಗೆಗೆ ಜಾಗ ಇರುವುದು ಸುಮ್ನೆ ಅಲ್ಲ. ದೇಶದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ಶಿಕಾಗೋ, ಮ್ಯಾಡಿಸನ್ ಸುತ್ತ ಇರುವ ಕನ್ನಡಿಗರಿಗೆ ಅಕ್ಟೋಬರ್-ನವೆಂಬರ್‌ನ ಮುಸ್ಸಂಜೆ ಡ್ರೈವಿಂಗ್ ಎಷ್ಟು ಎಚ್ಚರ ಬೇಡುತ್ತದೆ ಅಂತ ಗೊತ್ತೇ ಇದೆ.

ನಮ್ಮ ಕಾನೂನು ಬೇರೆ, ರೈತನ ಪ್ರಶ್ನೆ ಅದೇ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ರಾಣೆಬೆನ್ನೂರು ಸುತ್ತ ಕೃಷ್ಣಮೃಗಗಳು ಬೆಳೆ ತಿಂದರೆ ರೈತರಿಗಿರುವ ದಾರಿ ರಾತ್ರಿ ಕಾವಲು, ಬೇಲಿ ಮತ್ತು ಪರಿಹಾರದ ಅರ್ಜಿ. ಕಾಡುಹಂದಿಯ ವಿಷಯದಲ್ಲಿ ಕೇರಳ 2022ರಲ್ಲಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ವಿಸ್ಕಾನ್ಸಿನ್ ಮಾದರಿಯನ್ನು ಇಲ್ಲಿಗೆ ಎತ್ತಿ ತರುವ ಮಾತು ಸರಿಹೊಂದದು. ಅಮೆರಿಕದಲ್ಲಿ ಒಂದೇ ಜಾತಿಯ ಜಿಂಕೆ ಕೋಟಿಗಟ್ಟಲೆ ಇದೆ, ಇಲ್ಲಿ ಹಲವು ಪ್ರಾಣಿಗಳು ತುಂಡು ಕಾಡಿನಲ್ಲಿ ಉಸಿರು ಹಿಡಿದಿವೆ. ಆದರೆ ಎಲ್ಲರ ಪ್ರಾಣಿಗೆ ಒಬ್ಬನ ಹೊಲ ಮೇವಾದಾಗ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆಗೆ ಎರಡು ದೇಶಗಳೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಒಂದು ಸೀಸನ್ ಕೆಟ್ಟರೆ ಮುಂದೇನು?

ನವೆಂಬರ್‌ನಲ್ಲಿ ಮೆಕ್ಕೆಜೋಳದೊಳಗೆ ಉಳಿದುಕೊಂಡ ಹೆಣ್ಣುಗಳು ಗಬ್ಬವಾಗಿಯೇ ಇರುತ್ತವೆ. ಮೇ ಕೊನೆ, ಜೂನ್ ಹೊತ್ತಿಗೆ ಮರಿ ಹಾಕುತ್ತವೆ. ಸೋಯಾ ಮೊಳೆತು ಎಳೆ ಎಲೆ ಬಿಡುವುದೂ ಆಗಲೇ, ಜಿಂಕೆಗೆ ಅದು ಬಲು ಇಷ್ಟ. ಎಳೆ ಗಿಡದ ಸುಳಿ ಹೋದರೆ ಇಳುವರಿ ಹೋಯಿತು. ಹೀಗೆ ಹಿಂದಿನ ವರ್ಷದ ಮಳೆ ಈ ವರ್ಷದ ಬೆಳೆನಷ್ಟವಾಗಿ ತಿರುಗುತ್ತದೆ.

ತಪ್ಪಿದ್ದನ್ನು ಸರಿದೂಗಿಸಲು ಕೆಲವು ಕೌಂಟಿಗಳು ಡಿಸೆಂಬರ್ 24ರಿಂದ ಜನವರಿ 1ರವರೆಗೆ ಕೊಂಬಿಲ್ಲದ ಜಿಂಕೆಗಳಿಗೆ ಮಾತ್ರ ಇನ್ನೊಂದು ಸೀಸನ್ ಇಡುತ್ತವೆ. ಅಷ್ಟೊತ್ತಿಗೆ ಹೊಲ ಬಯಲಾಗಿರುತ್ತದೆ, ಹಿಮದ ಮೇಲೆ ಹೆಜ್ಜೆ ಕಾಣುತ್ತದೆ. ಆದರೆ ಕೊರೆಯುವ ಚಳಿ, ಕ್ರಿಸ್‌ಮಸ್ ರಜೆ. ಬರುವವರು ಕಡಿಮೆ. ಹಿಮದ ಬೈಕ್ ಓಡಿಸುವವರಿಗೂ ಇದು ಇಷ್ಟವಿಲ್ಲ, ಬೇಟೆ ಇರುವಾಗ ಜಮೀನಿನವರು ಅವರ ದಾರಿ ಮುಚ್ಚುತ್ತಾರೆ.

ಮೊದಲ ದಿನ ಮತ್ತೆ ನವೆಂಬರ್ 23ಕ್ಕೆ ಬೀಳುವುದು 2030ರಲ್ಲಿ. ಆ ವರ್ಷದ ಬೇಟೆ ಹೇಗಿರಬಹುದು ಅಂತ ಅಂದಾಜು ಮಾಡಬೇಕಾದವರು ಜಿಂಕೆ ಎಣಿಕೆಯ ಜೊತೆಗೆ ಮೇ ತಿಂಗಳ ಬಿತ್ತನೆ ವರದಿಯನ್ನೂ ನವೆಂಬರ್ ನಡುವಿನ ಕಟಾವಿನ ವರದಿಯನ್ನೂ ತೆಗೆದು ನೋಡಬೇಕು. ಎರಡನ್ನೂ ಅಮೆರಿಕದ ಕೃಷಿ ಇಲಾಖೆ ಹಂಗಾಮಿನಲ್ಲಿ ಪ್ರತಿ ವಾರ ಪ್ರಕಟಿಸುತ್ತದೆ.